ಆನ್‌ಲೈನ್ ಬರವಣಿಗೆ ಪಾಠ: ಕಾರಕೂನನು ಬಿಡಬೇಕಾದುದು, ಉಳಿಸಿಕೊಳ್ಳಬೇಕಾದುದು

ಓದನ್ನು ಅರ್ಧಕ್ಕೆ ನಿಲ್ಲಿಸಿ ಪರಸ್ಥಳಕ್ಕೆ ದುಡಿಯಲು ಬಂದ ನಮ್ಮ ಬಾಂಧವರಲ್ಲಿ ಕಾಲೇಜಿನ ಆಸೆ ಪೂರ್ತಿಯಾಗಿ ಆರಿಹೋಗಿರುವುದಿಲ್ಲ. ಮನೆಯಲ್ಲಿ ಕುಳಿತು ಕಲಿಯುವ ದಾರಿ ಹೊಸದೇನೂ ಅಲ್ಲ. ದಿಲ್ಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ಹೇಳಲು ಆರಂಭಿಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ದಾರಿ ಹಿಡಿಯಿತು. ಆ ಶಾಖೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, 1985ರಲ್ಲಿ ಹುಟ್ಟಿತು. 2017ರ ಜುಲೈ 9ರಂದು ಕೇಂದ್ರ ಸರಕಾರದ ‘ಸ್ವಯಂ’ ಎಂಬ ಆನ್‌ಲೈನ್ ಪಾಠಶಾಲೆ ಬಾಗಿಲು ತೆರೆಯಿತು. ಅಂಚೆಯ ಲಕೋಟೆಯಲ್ಲಿ ಬರುತ್ತಿದ್ದ ಪಾಠ ಈಗ ಮೊಬೈಲಿನಲ್ಲಿ ಬರುತ್ತದೆ.

ಇವುಗಳಲ್ಲೆಲ್ಲ ಬರವಣಿಗೆಯ ಪಾಠವೂ ಉಂಟು. “ದಿನವೂ ಹತ್ತು ಪತ್ರ ಬರೆಯುವವನು ನಾನು, ಇದೇನು ಮಹಾ!” ಎಂದು ಧೈರ್ಯವಾಗಿ ಸೇರುವ ಕಾರಕೂನನು ಎರಡನೆಯ ವಾರದಲ್ಲಿಯೇ ಕೈಕಟ್ಟಿ ಕೂರುವುದುಂಟು. ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಹಳೆಯ ಅಭ್ಯಾಸ.

ಕಚೇರಿಯಲ್ಲಿ ಪತ್ರ ಬರೆಯಬೇಕಾದಾಗ ನಾವು ಮೊದಲು ಮಾಡುವ ಕೆಲಸವೇನು? ಹಿಂದಿನ ಫೈಲು ತೆಗೆಯುವುದು. ಹೋದ ವರ್ಷದ ಪತ್ರ ಸಿಕ್ಕಿತೆಂದರೆ ತಾರೀಖು, ಹೆಸರು, ಮೊತ್ತ ಬದಲಿಸಿದರೆ ಸಾಕು. ಸಾಹೇಬರ ಸಹಿ ಬೀಳುತ್ತದೆ. ಅಲ್ಲಿ ಸ್ವಂತ ಮಾತು ಸೇರಿಸುವುದೇ ತಪ್ಪು. ಕಾಲೇಜಿನಲ್ಲಿ ನಿಯಮ ತಿರುಗುಮುರುಗು. ಹಿಂದಿನವರು ಬರೆದುದನ್ನು ಹಾಗೆಯೇ ಇಳಿಸಿದರೆ ಅದನ್ನು ಕೃತಿಚೌರ್ಯವೆನ್ನುತ್ತಾರೆ. ಬೇರೆಯವರ ವಿಚಾರವನ್ನು ಬಳಸಿಕೊಳ್ಳಬಹುದು. ಆದರೆ ಯಾರದೆಂದು ಹೆಸರು ಹೇಳಬೇಕು, ಅದರ ಮೇಲೆ ನಿಮ್ಮ ಅಭಿಪ್ರಾಯ ಸೇರಿಸಬೇಕು. ಆದುದರಿಂದ ಬಿಡಬೇಕಾದ ಮೊದಲ ಅಭ್ಯಾಸ ಹಳೆಯ ಫೈಲು ಹುಡುಕುವುದು.

ಎರಡನೆಯದು, ವರದಿಗೂ ಪ್ರಬಂಧಕ್ಕೂ ಇರುವ ಅಂತರ. “ಮುಂಬಯಿಯ ಲೋಕಲ್ ರೈಲುಗಳಲ್ಲಿ ಬೆಳಿಗ್ಗೆ ವಿಪರೀತ ಜನಸಂದಣಿ” ಎಂದು ಬರೆದರೆ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮುಂದೆ ಬರೆಯುವುದಕ್ಕೂ ಏನೂ ಉಳಿಯುವುದಿಲ್ಲ. “ರೈಲು ಹೆಚ್ಚಿಸುವುದಕ್ಕಿಂತ ಕಚೇರಿಗಳ ವೇಳೆಯನ್ನು ಬೇರೆ ಬೇರೆ ಮಾಡುವುದು ಮೇಲು” ಎಂದರೆ ಅದೊಂದು ನಿಲುವು. ಒಬ್ಬ ಹೌದೆನ್ನುತ್ತಾನೆ, ಇನ್ನೊಬ್ಬ ಅಲ್ಲವೆನ್ನುತ್ತಾನೆ. ಏಕೆ ಮೇಲು ಎಂಬುದಕ್ಕೆ ಎರಡು ಮೂರು ಕಾರಣ, ಪ್ರತಿ ಕಾರಣಕ್ಕೂ ಒಂದು ಉದಾಹರಣೆ, ವಿರೋಧಿಸುವವನ ಒಂದು ಆಕ್ಷೇಪ, ಅದಕ್ಕೆ ಉತ್ತರ: ಇಷ್ಟಾದರೆ ಪ್ರಬಂಧದ ಹಂದರ ಸಿದ್ಧವಾಯಿತು. ಒಂದು ಪ್ಯಾರಾದಲ್ಲಿ ಒಂದೇ ಕಾರಣವಿರಲಿ. ಆ ಲೋಕಲಿನಲ್ಲಿ ನಿತ್ಯ ನೇತಾಡುವ ನಮಗೆ ಉದಾಹರಣೆಗಳ ಬರವೆಲ್ಲಿಯದು? ಹದಿನೆಂಟರ ಹುಡುಗನಿಗಿಲ್ಲದ ಅನುಭವದ ಗಂಟು ದುಡಿಯುವವನಲ್ಲಿದೆ. ಅದನ್ನು ಬಿಚ್ಚಲು ಸಂಕೋಚಪಡಬಾರದು.

ಮೂರನೆಯದು, ಒಂದೇ ಕೂರಿಕೆಯಲ್ಲಿ ಮುಗಿಸುವ ಚಾಳಿ. ಒಂದು ದಿನ ಕರಡು ಬರೆಯಿರಿ. ಕಾಗುಣಿತದ ಚಿಂತೆ ಆಗ ಬೇಡ. ಒಂದೆರಡು ದಿನ ಬಿಟ್ಟು ಗಟ್ಟಿಯಾಗಿ ಓದಿರಿ. ನಾಲಿಗೆ ಎಡವಿದ ವಾಕ್ಯವೆಲ್ಲ ದುರಸ್ತಿಗೆ ಕಾದಿರುವ ವಾಕ್ಯವೇ. ಮೊದಲು ವಿಚಾರದ ಕ್ರಮ ಸರಿಪಡಿಸಿ, ಆಮೇಲೆ ವ್ಯಾಕರಣ ನೋಡಿರಿ. ಪಾಠ ಇಂಗ್ಲಿಷಿನಲ್ಲಿದ್ದರೆ ಮೊದಲು ನಿಮ್ಮ ನಿಲುವನ್ನೂ ಕಾರಣಗಳನ್ನೂ ಕನ್ನಡದಲ್ಲಿ ಗುರುತು ಹಾಕಿಕೊಳ್ಳಿರಿ. ವಿಚಾರ ಗಟ್ಟಿಯಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ದೊಡ್ಡ ಪದ ಹುಡುಕುತ್ತ ಹೋದವನು ಹೇಳಬೇಕಾದುದನ್ನೇ ಮರೆಯುತ್ತಾನೆ.

ಇನ್ನು ಉಳಿಸಿಕೊಳ್ಳಬೇಕಾದ ಗುಣಗಳು. ಇಲ್ಲಿ ಕಾರಕೂನನಿಗೆ ಕಾಲೇಜು ಹುಡುಗರಿಗಿಂತ ಮೇಲುಗೈ. ಆನ್‌ಲೈನ್ ಪಾಠದಲ್ಲಿ ಹಾಜರಿ ಕರೆಯುವ ಮೇಷ್ಟ್ರಿಲ್ಲ, ಗದರಿಸುವವರಿಲ್ಲ. ಕೊನೆಯ ತಾರೀಖು ದಾಟಿದರೆ ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಆವಕ-ಜಾವಕ ಪುಸ್ತಕ ಬರೆದ ಕೈಗೆ ಇದು ಕಷ್ಟವೇ? ಸೇರಿದ ದಿನವೇ ಎಲ್ಲ ಕೊನೆಯ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ನಿಜವಾದ ತಾರೀಖಿಗೆ ಎರಡು ದಿನ ಮೊದಲೇ ನಿಮ್ಮ ತಾರೀಖು ಇರಲಿ. ಕಡೆಯ ರಾತ್ರಿ ಕರೆಂಟು ಹೋಗಬಹುದು, ನೆಟ್ ಕೈಕೊಡಬಹುದು. ಕಳಿಸಿದುದಕ್ಕೆ ಬಂದ ರಸೀದಿಯನ್ನು ತೆಗೆದಿಡಿರಿ. ಪಾಳಿ ಬದಲಾಗುವವರು ವಾರಕ್ಕೆ ಇಂತಿಷ್ಟು ಗಂಟೆ ಎಂದು ಲೆಕ್ಕ ಹಾಕಲಿ. ದಿನಕ್ಕಿಷ್ಟು ಎಂದರೆ ನಡೆಯಲಾರದು.

ಅಂಕಗಳ ಲೆಕ್ಕವನ್ನೂ ತಿಳಿದಿರಬೇಕು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟೆಲ್ ಪಾಠಗಳು ಸ್ವಯಂನಲ್ಲಿ ದೊರೆಯುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ವಾರವಾರದ ಅಭ್ಯಾಸಕ್ಕೆ 25, ಕೊನೆಯ ಪರೀಕ್ಷೆಗೆ 75 ಅಂಕ. ಇಗ್ನೋದ ಹೆಚ್ಚಿನ ಪಾಠಗಳಲ್ಲಿ ಮನೆಯಲ್ಲಿ ಬರೆದ ಉತ್ತರಗಳಿಗೆ ನೂರಕ್ಕೆ 30, ಪರೀಕ್ಷೆಗೆ 70. ಸ್ವಯಂನಲ್ಲಿ ಸೇರಿ ಕಲಿಯುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಶುಲ್ಕ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಪದವಿಗೇ ಸೇರುವುದಾದರೆ ಪಿ.ಯು.ಸಿ. ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕೆಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿರಿ. ಇನ್ನೊಂದು ಮಾತು: ಸ್ವಯಂನ ಅಭ್ಯಾಸಗಳಲ್ಲಿ ಎಷ್ಟೋ ಬರಿಯ ಸರಿ ಉತ್ತರಕ್ಕೆ ಗುರುತು ಹಾಕುವಂಥವು. ಗುರುತು ಹಾಕಿ ಬರವಣಿಗೆ ಬರುವುದಿಲ್ಲ. ಅಂಥ ಪಾಠ ತೆಗೆದುಕೊಂಡವರು ವಾರಕ್ಕೊಂದು ಪುಟ ಕೈಯಾರೆ ಬರೆಯಲೇಬೇಕು.

ಕಡೆಗೆ ಒಂದು ಎಚ್ಚರಿಕೆ. ಬರೆದು ಸಿದ್ಧಪಡಿಸಿದ ಉತ್ತರಗಳನ್ನು ಮಾರುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪ್ರಶ್ನೆ ಹಾಕಿದರೆ ಕ್ಷಣದಲ್ಲಿ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರವೂ ಈಗ ಮೊಬೈಲಿನಲ್ಲಿದೆ. ಎಂಟು ಗಂಟೆ ದುಡಿದು ದಣಿದವನಿಗೆ ಇದು ದೊಡ್ಡ ಆಮಿಷವೆಂಬುದನ್ನು ಅಲ್ಲಗಳೆಯಲಾರೆ. ಆದರೆ ನಾವು ಸೇರಿದುದು ಯಾವುದಕ್ಕೆ? ಕೊಂಡ ಉತ್ತರದಿಂದ ಮೂವತ್ತು ಅಂಕ ಬಂದೀತು. ಎಪ್ಪತ್ತು ಅಂಕದ ಪರೀಕ್ಷೆಯ ಕೋಣೆಗೆ ಅದು ಜೊತೆಗೆ ಬಾರದು. ಅಲ್ಲದೆ, ತಿದ್ದುವ ಅಧ್ಯಾಪಕರು ಅಂಚಿನಲ್ಲಿ ಬರೆಯುವ ಎರಡು ಸಾಲಿನ ಟಿಪ್ಪಣಿಯೇ ನಾವು ಕಟ್ಟಿದ ಹಣದ ನಿಜವಾದ ಪ್ರತಿಫಲ. ಬೇರೆಯವರ ಬರಹದ ಮೇಲಿನ ಟಿಪ್ಪಣಿಯಿಂದ ನಮಗೇನು ಲಾಭ? ಟಿಪ್ಪಣಿ ಬಂದಾಗ ಅಂಕ ಮಾತ್ರ ನೋಡಿ ಮಡಿಚಿಡದೆ, ಒಂದು ವಹಿಯಲ್ಲಿ ಇಳಿಸಿಕೊಂಡು, ಮುಂದಿನ ಪ್ರಬಂಧ ಬರೆಯುವ ಮೊದಲು ಅದನ್ನು ಓದಿಕೊಳ್ಳಿರಿ.

ಇಷ್ಟು ವರ್ಷ ನಾವು “ತಮ್ಮ ಪತ್ರ ತಲುಪಿತು” ಎಂದು ಇನ್ನೊಬ್ಬರ ಪರವಾಗಿ ಬರೆದು, ಕೆಳಗೆ ಇನ್ನೊಬ್ಬರ ಸಹಿಗೆ ಜಾಗ ಬಿಟ್ಟವರು. ನಮ್ಮದೇ ವಿಚಾರವನ್ನು ನಮ್ಮದೇ ಹೆಸರಿನಲ್ಲಿ ಬರೆಯುವ ಅವಕಾಶ ಈ ಪಾಠದಲ್ಲಿದೆ. ಸೇರಿದವರು ತಮ್ಮ ಕರಡನ್ನು ವಾಚನಾಲಯಕ್ಕೆ ತರಲಿ. ಓದಿ ಕೇಳುವ ಕಿವಿಗಳು ಇಲ್ಲಿವೆ. ಬರೆಯುವ ಕೈ ಮಾತ್ರ ಅವರದೇ ಆಗಿರಲಿ.