ಕಂಗಿನ ಗಾಯ ಯಾಕೆ ಮಾಯುವುದಿಲ್ಲ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಎಲ್ಲಿ ಹೋದರೂ ಅಡಿಕೆ ತೋಟ. ಅಡಿಕೆ ಮರವನ್ನು ನಾವು ಕಂಗು ಅನ್ನುತ್ತೇವೆ. ತೆಂಗು, ಬೈನೆ, ತಾಳೆ ಇವೆಲ್ಲ ಕಂಗಿನ ನೆಂಟರು. ಒಂದೇ ಕುಟುಂಬದವು. ಈ ಮರಗಳ ಒಳಗೆ ಏನಿದೆ? ನೋಡೋಣ ಬನ್ನಿ.

ಒಂದು ಅಡಿಕೆ ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ಸೀಳಿ. ಸುಲಭ. ಅಡ್ಡಕ್ಕೆ ಹರಿಯಿರಿ. ಕಷ್ಟ. ಯಾಕೆ? ಹಾಳೆಯ ನಾರುಗಳು ಉದ್ದಕ್ಕೆ ಸಾಲಾಗಿ ಇವೆ. ಸೋಗೆಯ ಗರಿಯಲ್ಲೂ ಹಾಗೆಯೇ. ಹಲಸಿನ ಎಲೆ ನೋಡಿ. ಅದರ ನರಗಳು ಬಲೆಯ ಹಾಗೆ ಹೆಣೆದಿವೆ.

ಈ ನಾರು ಬರೀ ನಾರಲ್ಲ. ಅದರ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಕೆಲವು ಕೊಳವೆಗಳಲ್ಲಿ ಬೇರಿನಿಂದ ನೀರು ಮೇಲೆ ಏರುತ್ತದೆ. ಇನ್ನು ಕೆಲವುಗಳಲ್ಲಿ ಸೋಗೆ ತಯಾರಿಸಿದ ಆಹಾರ ಕಾಯಿಗೆ, ಬೇರಿಗೆ ಹೋಗುತ್ತದೆ.

ಕಡಿದ ಕಂಗಿನ ತುಂಡು ನೋಡಿ. ಚುಕ್ಕಿ ಚುಕ್ಕಿ ಕಾಣುತ್ತದೆ. ಒಂದೊಂದು ಚುಕ್ಕಿ ಒಂದೊಂದು ನಾರಿನ ಕಟ್ಟು. ಅಂಚಿನಲ್ಲಿ ಒತ್ತೊತ್ತಾಗಿ, ನಡುವೆ ದೂರ ದೂರ. ಅದಕ್ಕೇ ಕಂಗು ಹೊರಗೆ ಗಟ್ಟಿ, ಒಳಗೆ ಮೆದು. ಆ ತಿರುಳು ತೆಗೆದೇ ಹಿರಿಯರು ನೀರು ಹರಿಸುವ ದಂಬೆ ಮಾಡಿದರು.

ಹಲಸಿನ ಮರದ ತೊಗಟೆಯ ಒಳಗೆ ಒಂದು ತೆಳು ಪದರ ಇದೆ. ಅದು ವರ್ಷ ವರ್ಷ ಹೊಸ ಮರ ಕಟ್ಟುತ್ತದೆ. ಕತ್ತಿಯ ಏಟು ಬಿದ್ದರೂ ಗಾಯ ಮೆಲ್ಲಗೆ ಮುಚ್ಚುತ್ತದೆ. ಕಂಗಿಗೆ ಈ ಪದರ ಇಲ್ಲ. ಮರಕ್ಕೆ 50 ವರ್ಷ ಆದರೂ ಬುಡದಲ್ಲಿ ಇರುವುದು ಎಳೆಯದರಲ್ಲಿ ಮೂಡಿದ ಕೊಳವೆಗಳೇ. ಕಡಿದು ಹೋದರೆ ಹೊಸತು ಬರುವುದಿಲ್ಲ. ಗಾಯ ಸಾಯುವವರೆಗೂ ಗಾಯವೇ.

ಕತ್ತಿ ಮಾತ್ರ ಅಲ್ಲ, ಬಿಸಿಲೂ ಗಾಯ ಮಾಡುತ್ತದೆ. ಮಧ್ಯಾಹ್ನದ ಮೇಲೆ ನೈಋತ್ಯ ದಿಕ್ಕಿನ ಬಿಸಿಲು ಕಾಂಡವನ್ನು ಸುಡುತ್ತದೆ. ಮೊದಲು ಹಳದಿ ಕಲೆ. ಆಮೇಲೆ ಕಂದು ಬಣ್ಣ. ಮತ್ತೆ ಬಿರುಕು. ಬಿರುಕಿನಲ್ಲಿ ಹುಳ, ಬೂಸ್ಟು ಸೇರುತ್ತವೆ. ಕೊನೆಗೆ ಗಾಳಿಗೆ ಮರ ಮುರಿಯುತ್ತದೆ. ಅಡಿಕೆ ಕೊಯ್ಯಲು ಏರಿದವರ ಜೀವಕ್ಕೂ ಅಪಾಯ.

ಹಾಗಾದರೆ ಏನು ಮಾಡಬೇಕು?

ಬಿಸಿಲು ಬೀಳುವ ಕಡೆ ಕಾಂಡಕ್ಕೆ ಹಾಳೆ ಕಟ್ಟಿ. ಇಲ್ಲವೇ ಸುಣ್ಣ ಬಳಿಯಿರಿ.
ತೋಟದ ದಕ್ಷಿಣ, ಪಶ್ಚಿಮ ಅಂಚಿನಲ್ಲಿ ನೆರಳಿನ ಮರ ಬೆಳೆಸಿ.
ಕಾಂಡಕ್ಕೆ ಕತ್ತಿ ಕಚ್ಚಿಸಿ ಇಡಬೇಡಿ. ಮೊಳೆ ಹೊಡೆಯಬೇಡಿ.
ತೆಂಗಿನ ಮರ ಹತ್ತಲು ಮೆಟ್ಟಿಲು ಕಡಿಯಬೇಡಿ. ತೆಂಗಿಗೂ ಆ ಪದರ ಇಲ್ಲ.
ಬಿರುಕು ಬಿಟ್ಟ ಮರ ಏರಬೇಡಿ.

ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಇದೆ. ಈಗ ಅದು ಸಿ.ಪಿ.ಸಿ.ಆರ್.ಐ. ಸಂಸ್ಥೆಗೆ ಸೇರಿದೆ. ಸಂಶಯ ಇದ್ದರೆ ಅಲ್ಲಿ ಕೇಳಿ.

ನಾಳೆ ತೋಟಕ್ಕೆ ಹೋದಾಗ ಕಾಂಡದ ಬಿಸಿಲು ಬೀಳುವ ಬದಿ ನೋಡಿ. ಹಳದಿ ಕಲೆ ಇದೆಯೇ?