ಬದಲಾದ ಪುಟವಷ್ಟೇ ಹೊರಡುತ್ತದೆ

ಪುಟ್ಟ ವೆಬ್‌ಸೈಟೊಂದನ್ನು ಇಂಟರ್ನೆಟ್ಟಿಗೆ ಏರಿಸಲು ಈಗ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು. ನೆಟ್ಲಿಫೈ, ವರ್ಸೆಲ್, ಕ್ಲೌಡ್‌ಫ್ಲೇರ್‌ನಂಥ ಕಂಪನಿಗಳು ಇದಕ್ಕೆಂದೇ ಕಮಾಂಡ್ ಲೈನ್ ಟೂಲ್‌ಗಳನ್ನು ಕೊಟ್ಟಿವೆ. ಎಂಟರ್ ಒತ್ತಿ ಸ್ವಲ್ಪ ಕಾದರೆ ತಾಣದ ವಿಳಾಸ ಪರದೆಯ ಮೇಲೆ ಮೂಡುತ್ತದೆ. ಆ ಅಲ್ಪ ಹೊತ್ತಿನಲ್ಲಿ ಒಳಗೆ ನಡೆಯುವ ಲೆಕ್ಕಾಚಾರ ಬಹಳ ಚೆಂದದ್ದು.

ಹಿಂದೆ ಈ ಕೆಲಸ ಎಫ್‌ಟಿಪಿ ಎಂಬ ಕಡತ ಸಾಗಣೆ ವಿಧಾನದ್ದಾಗಿತ್ತು. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್ 1971ರಲ್ಲಿ ಅದರ ಮೊದಲ ನಿಯಮಾವಳಿ ಬರೆದರು. ದಶಕಗಳ ಕಾಲ ಲೋಕವೆಲ್ಲ ಅದನ್ನೇ ನೆಚ್ಚಿತ್ತು. ಆದರೆ ಅದರ ಮೂಲ ರೂಪದಲ್ಲಿ ಪಾಸ್‌ವರ್ಡ್ ಕೂಡ ಮುಚ್ಚುಮರೆಯಿಲ್ಲದೆ ಸಾಗುತ್ತಿತ್ತು. ಕಡತಗಳು ಒಂದೊಂದಾಗಿ ಹೋಗುವಾಗ ಕರೆಂಟ್ ಕೈಕೊಟ್ಟರೆ ತಾಣ ಅರ್ಧ ಹಳತು, ಅರ್ಧ ಹೊಸತಾಗಿ ನಿಂತುಬಿಡುತ್ತಿತ್ತು. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಬ್ರೌಸರ್‌ಗಳು ಎಫ್‌ಟಿಪಿಯನ್ನು ಕೈಬಿಟ್ಟವು.

ಈಗಿನ ದಾರಿ ಬೇರೆ. ಊರಿನ ಗ್ರಂಥಾಲಯದ ಪುಸ್ತಕಪಟ್ಟಿ, ಶಾಲೆಯ ವಾರ್ಷಿಕ ಸಂಚಿಕೆ, ಒಬ್ಬ ಲೇಖಕಿಯ ಕತೆಗಳು: ಇಂಥವೆಲ್ಲ ಸ್ಟ್ಯಾಟಿಕ್ ತಾಣಗಳಾಗಬಹುದು. ಯಾರು ಕೇಳಿದರೂ ಅದೇ ಪುಟ, ಅದೇ ಚಿತ್ರ. ಇದಕ್ಕೆ ಸ್ವಂತ ಸರ್ವರ್ ಸಾಕುವುದು ದಂಡ. ಸರ್ವರ್‌ಲೆಸ್ ವೇದಿಕೆಗಳಲ್ಲಿ ಯಂತ್ರಗಳ ಪಾಲನೆ ಕಂಪನಿಯ ಹೊಣೆ. ಓದುಗರಿಗೆ ಹತ್ತಿರವಿರುವ ಕೇಂದ್ರದಿಂದಲೇ ಪುಟ ಹೋಗುತ್ತದೆ. ಯಾರಾದರೂ ಫಾರಂ ತುಂಬಿದರೆ ಆಗಷ್ಟೇ ಎದ್ದು ಓಡುವ ಪುಟ್ಟ ಪ್ರೋಗ್ರಾಂಗಳನ್ನೂ ಜೊತೆಗಿಡಬಹುದು. 2014ರಲ್ಲಿ ಅಮೆಜಾನ್ ತಂದ ಲ್ಯಾಂಬ್ಡಾ ಸೇವೆ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಒಳಗಿನ ಲೆಕ್ಕಾಚಾರ ತಿಳಿಯಲು ನೆಟ್ಲಿಫೈನ ಟೂಲನ್ನೇ ನೋಡೋಣ. ನಿಮ್ಮ ಫೋಲ್ಡರಿನಲ್ಲಿ 200 ಕಡತಗಳಿವೆ ಎನ್ನಿ. ಟೂಲ್ ಒಂದೊಂದನ್ನೂ ಓದಿ, ಎಸ್‌ಎಚ್‌ಎ-1 ಎಂಬ ಗಣಿತ ಸೂತ್ರಕ್ಕೆ ಹಾಕಿ, 40 ಅಕ್ಷರ-ಅಂಕಿಗಳ ಬೆರಳಚ್ಚು ತೆಗೆಯುತ್ತದೆ. ಕಡತ ಹತ್ತು ಸಾಲಿನದಿರಲಿ, ದೊಡ್ಡ ಫೋಟೊ ಇರಲಿ, ಬೆರಳಚ್ಚಿನ ಉದ್ದ ಅಷ್ಟೇ. ಪುಟದಲ್ಲಿ ಒಂದು ದೀರ್ಘ ತಿದ್ದಿದರೂ ಹೊಸ ಬೆರಳಚ್ಚಿಗೂ ಹಳೆಯದಕ್ಕೂ ಹೋಲಿಕೆಯೇ ಉಳಿಯುವುದಿಲ್ಲ.

ಮೊದಲು ಹೊರಡುವುದು ಕಡತಗಳ ಹೆಸರು ಮತ್ತು ಈ ಬೆರಳಚ್ಚುಗಳ ಪಟ್ಟಿ ಮಾತ್ರ. 200 ಬೆರಳಚ್ಚುಗಳೆಂದರೆ ಎಂಟು ಸಾವಿರ ಅಕ್ಷರ. ಒಂದು ಸಣ್ಣ ಫೋಟೊಗಿಂತಲೂ ಹಗುರ. ಆ ಕಡೆಯ ಗಣಕ ಪಟ್ಟಿಯನ್ನು ತನ್ನಲ್ಲಿರುವುದರೊಂದಿಗೆ ತಾಳೆ ನೋಡಿ, ಇಲ್ಲದವನ್ನಷ್ಟೇ ಕೇಳುತ್ತದೆ. ನೀವು ತಿದ್ದಿದ್ದು ಒಂದೇ ಪುಟವಾದರೆ ಹೋಗುವುದೂ ಅದೊಂದೇ. ನೆಟ್‌ವರ್ಕ್ ಕುಂಟುವ ಊರುಗಳಲ್ಲಿ ಕೂತು ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ಕೇಳಿದ್ದೆಲ್ಲ ತಲುಪುವ ತನಕ ಓದುಗರಿಗೆ ಹಳೆಯ ತಾಣವೇ ಕಾಣುತ್ತಿರುತ್ತದೆ. ತಲುಪಿದ ಮೇಲೆ ಹೊಸದು ಒಟ್ಟಿಗೇ ಜಾರಿಗೆ ಬರುತ್ತದೆ. ಅರೆಬರೆ ಸ್ಥಿತಿಗೆ ಎಡೆಯೇ ಇಲ್ಲ. ಹಳೆಯ ಆವೃತ್ತಿ ಕೂಡಲೇ ಅಳಿಯುವುದೂ ಇಲ್ಲ, ತಪ್ಪಾಗಿದೆ ಎನಿಸಿದರೆ ಅದನ್ನೇ ಮತ್ತೆ ಮುಂದಕ್ಕೆ ತರಬಹುದು. ಅಷ್ಟೇ ಅಲ್ಲ, ಬರೀ 'ಡಿಪ್ಲಾಯ್' (ತಾಣ ಏರಿಸು) ಎಂದು ಆದೇಶ ಕೊಟ್ಟರೆ ಟೂಲ್ ಮೊದಲು ಕರಡು ವಿಳಾಸವೊಂದನ್ನು ಕೊಡುತ್ತದೆ. ನೋಡಿ ತೃಪ್ತಿಯಾದ ಮೇಲೆ 'ಪ್ರಾಡ್' ಎಂಬ ಸೂಚನೆ ಸೇರಿಸಿ ಮತ್ತೆ ಕಳಿಸಿದರೆ ಲೋಕಕ್ಕೆ ಕಾಣುತ್ತದೆ. ನನ್ನ ಮಟ್ಟಿಗೆ ವೇಗಕ್ಕಿಂತ ದೊಡ್ಡ ಅನುಕೂಲ ಇದೇ. ಹೊಸಬರ ಅಂಜಿಕೆಯನ್ನು ಇದು ಅರ್ಧ ಇಳಿಸುತ್ತದೆ.

ಅಂದಹಾಗೆ, ಬೆರಳಚ್ಚು ತೆಗೆಯುವ ಎಸ್‌ಎಚ್‌ಎ-1 ಈಗ ಭದ್ರತೆಯ ಕೆಲಸಕ್ಕೆ ಸಲ್ಲದು. ಬೇರೆ ಬೇರೆ ಎರಡು ಕಡತಗಳಿಗೆ ಒಂದೇ ಬೆರಳಚ್ಚು ಬರುವಂತೆ ಮಾಡಬಹುದೆಂದು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಆದರೆ ಅದಕ್ಕೆ ಅಪಾರ ಗಣಕಬಲ ಬೇಕಾಯಿತು. ಬದಲಾದ ಕಡತ ಯಾವುದೆಂದು ಗುರುತಿಸುವ ಕೆಲಸದಲ್ಲಿ ಅದು ತಾನಾಗಿ ಸಂಭವಿಸುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ನೀವೂ ಪ್ರಯತ್ನಿಸುವುದಾದರೆ ಎರಡು ಮಾತು. ಪಾಸ್‌ವರ್ಡ್, ಗುಟ್ಟಿನ ಕೀಲಿಗಳಿರುವ ಕಡತಗಳನ್ನು ಬೇರೆಡೆ ಇಟ್ಟು, ಪ್ರಕಟಿಸಬೇಕಾದ ಫೋಲ್ಡರನ್ನಷ್ಟೇ ಟೂಲಿಗೆ ತೋರಿಸಿ. ಮೂಲ ಪ್ರತಿ ಸದಾ ನಿಮ್ಮ ಡಿಸ್ಕಿನಲ್ಲೇ ಇರಲಿ. ಅದಿದ್ದರೆ ನಾಳೆ ಕಂಪನಿ ಬಾಗಿಲು ಹಾಕಿದರೂ ಅದೇ ಫೋಲ್ಡರನ್ನು ಇನ್ನೊಂದು ಕಡೆ ಏರಿಸಬಹುದು.