ಕರಿದ ಎಣ್ಣೆಗೆ ಸದ್ಗತಿ

ಶ್ರಾವಣ ಮಾಸ ಬಂದಿತೆಂದರೆ ಗಲಗಲಿ, ಬೀಳಗಿ, ಜಮಖಂಡಿ, ಮುಧೋಳ ಭಾಗದ ಮನೆಗಳಲ್ಲಿಯೂ ಮಠಗಳ ದಾಸೋಹದ ಅಡುಗೆಮನೆಗಳಲ್ಲಿಯೂ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ಕರ್ಚಿಕಾಯಿ, ಪೂರಿ, ಭಜಿಗಳೆಲ್ಲ ಪ್ರಸಾದವಾಗಿ ಭಕ್ತರನ್ನು ತಲುಪುತ್ತವೆ. ಬಾಣಲೆಯ ತಳದಲ್ಲಿ ಉಳಿದ ಕಪ್ಪು ಎಣ್ಣೆ ಎಲ್ಲಿಗೆ ತಲುಪುತ್ತದೆ ಎಂದು ವಿಚಾರಿಸಿದವರು ಮಾತ್ರ ಕಡಿಮೆ. ಬಹುಪಾಲು ಅದು ಮರುದಿನ ಮತ್ತೆ ಒಲೆಯೇರುತ್ತದೆ, ಇಲ್ಲವೆ ಗಟಾರ ಸೇರುತ್ತದೆ.

ಎಣ್ಣೆ ತೆಗೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ಗಾಣದ ಕಣ್ಣಪ್ಪನಂಥ ಶರಣರ ಪರಂಪರೆ ನಮ್ಮದು. ಕುಸುಬಿ, ಶೇಂಗಾ ಬೆಳೆವ ರೈತನ ಬೆವರನ್ನು ಬಲ್ಲ ತಾಯಂದಿರಿಗೆ ಎಣ್ಣೆ ಚೆಲ್ಲಲು ಮನಸ್ಸು ಬಾರದಿರುವುದು ಸಹಜವೇ. ಆದರೆ ಉಳಿತಾಯದ ಆ ಸದ್ಭಾವವೇ ಇಲ್ಲಿ ದೇಹಕ್ಕೆ ಹಗೆಯಾಗುತ್ತದೆ.

ಎಣ್ಣೆಯನ್ನು ಮೇಲಿಂದ ಮೇಲೆ ಕಾಯಿಸಿದಾಗ ಉಷ್ಣ, ಗಾಳಿಯ ಆಮ್ಲಜನಕ ಮತ್ತು ತಿನಿಸಿನ ನೀರಿನಂಶ ಸೇರಿ ಅದರ ಅಣುಗಳನ್ನು ಒಡೆಯುತ್ತವೆ. ಆಗ ಹುಟ್ಟುವ ಕೆಟ್ಟ ಸಂಯುಕ್ತಗಳು ಹೃದಯಕ್ಕೂ ರಕ್ತನಾಳಗಳಿಗೂ ಹಿತವಲ್ಲ. ಇವುಗಳ ಅಳತೆಗೆ ‘ಒಟ್ಟು ಧ್ರುವೀಯ ಸಂಯುಕ್ತ’ ಎಂಬ ಮಾನವಿದೆ. ಅದು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಆಹಾರಕ್ಕೆ ಬಳಸಕೂಡದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಯಂತ್ರವಿರುವುದಿಲ್ಲ. ಬಣ್ಣ ಕಪ್ಪಾಗಿ, ಎಣ್ಣೆ ಅಂಟಂಟಾಗಿ, ಕಾಯಿಸುವಾಗ ನೊರೆಯೆದ್ದು, ಬೇಗನೆ ಹೊಗೆಯಾಡಿ ಕಮಟು ವಾಸನೆ ಬಂದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಅದಕ್ಕೆ ಹೊಸ ಎಣ್ಣೆ ಬೆರೆಸಿದರೆ ಹೊಸದೂ ಕೆಡುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನಗಳೊಳಗೆ ಒಗ್ಗರಣೆಗೆ ಬಳಸಬಹುದು, ಮತ್ತೆ ಕರಿಯುವುದಕ್ಕೆ ಬೇಡ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ನೀಡಿದ ಸಲಹೆ.

ಹಾಗಾದರೆ ಉಳಿದದ್ದನ್ನು ಏನು ಮಾಡುವುದು? ಅದರಿಂದ ಡೀಸೆಲ್ ಆಗುತ್ತದೆ! ಅಚ್ಚರಿಪಡಬೇಕಾಗಿಲ್ಲ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಯಂತ್ರ ಓಡಿದ್ದು ಶೇಂಗಾ ಎಣ್ಣೆಯಿಂದಲೇ. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನೇರವಾಗಿ ಸುರಿದರೆ ಇಂದಿನ ಟ್ರ್ಯಾಕ್ಟರಿನ ನಾಜಲ್ ಕಟ್ಟಿಕೊಳ್ಳುತ್ತದೆ. ಎಣ್ಣೆಯ ಪ್ರತಿ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಜೋತುಬಿದ್ದಿರುತ್ತವೆ. ಗ್ಲಿಸರಿನ್ ಬಿಡಿಸಿ ಆ ಜಾಗಕ್ಕೆ ಮೆಥನಾಲ್ ಕೂಡಿಸಿದರೆ ತಿಳಿಯಾದ ಜೈವಿಕ ಡೀಸೆಲ್ ಸಿದ್ಧ. ಎಣ್ಣೆಯನ್ನು ಸೋಸಿ, ನೀರಿನಂಶ ಆರಿಸಿ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡುತ್ತಾರೆ. ಲೀಟರಿಗೆ ಸುಮಾರು 200 ಮಿಲಿಲೀಟರ್ ಮೆಥನಾಲಿನಲ್ಲಿ ಕೆಲವೇ ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಬೆರೆಸಿ ಕಲಕುತ್ತಾರೆ. ರಾತ್ರಿಯಿಡೀ ಬಿಟ್ಟರೆ ಗ್ಲಿಸರಿನ್ ತಳಕ್ಕಿಳಿದು ಡೀಸೆಲ್ ಮೇಲೆ ನಿಲ್ಲುತ್ತದೆ. ಆಮೇಲೆ ನೀರಿನಿಂದ ತೊಳೆದು ಆರಿಸಬೇಕು. ಎಣ್ಣೆ ಎಷ್ಟು ಹಳತೋ ಅಷ್ಟು ಸೋಡಾ ಹೆಚ್ಚು ಬೇಕು. ಪರೀಕ್ಷಿಸದೆ ಅಂದಾಜಿನಿಂದ ಹಾಕಿದರೆ ಡೀಸೆಲ್ ಬದಲು ಸಾಬೂನಿನ ರಾಡಿ ಸಿಗುತ್ತದೆ.

ಓದಲು ಇಷ್ಟು ಸುಲಭವೆಂದು ಯಾರೂ ಅಡುಗೆಮನೆಯಲ್ಲಿ ಇದಕ್ಕೆ ಕೈಹಾಕಬಾರದು. ಮೆಥನಾಲ್ ಕಳ್ಳಭಟ್ಟಿಯ ಸಾವುಗಳಿಗೆ ಕಾರಣವಾಗುವ ಅದೇ ವಿಷ. ಒಂದೆರಡು ಚಮಚ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ಅದರ ಆವಿಗೆ ಬೆಂಕಿ ತಾಗಿದರೆ ಹಗಲಿನಲ್ಲಿ ಉರಿಯೂ ಕಾಣಿಸದು. ನೀರಿನಂತೆ ತಿಳಿಯಾಗಿರುವ ಇದನ್ನು ಮಕ್ಕಳಿರುವ ಮನೆಯ ಬಾಟಲಿಯಲ್ಲಿ ಇಡುವುದನ್ನು ನೆನೆದರೇ ಭಯವಾಗುತ್ತದೆ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಸಿಡಿದರೆ ಕನಿಷ್ಠ ಹದಿನೈದು ನಿಮಿಷ ಹರಿವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಓಡಬೇಕು. ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಉಳಿಯುವ ಮನೆಗೆ ಈ ಅಪಾಯ ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಕೆಲಸ ಬಲ್ಲವರಿಗೆ ಬಿಟ್ಟರೆ ಮಾತ್ರ ಇದು ಸಾಧ್ಯ. ಹಾಸನದ ಸಮೀಪದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆ ಬೀಜಗಳ ಎಣ್ಣೆಯಿಂದ ಇಂಧನ ಮಾಡುವುದನ್ನು ರೈತರಿಗೆ ತೋರಿಸಿಕೊಟ್ಟಿದೆ. ಕರಿದ ಎಣ್ಣೆಯನ್ನೇ ಸಂಗ್ರಹಿಸಿ ಡೀಸೆಲ್ ಮಾಡಿಸುವ ‘ರೂಕೋ’ ಎಂಬ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಆಗಸ್ಟ್ 10ರಂದು ಆರಂಭಿಸಿತು. ನೋಂದಾಯಿತ ಸಂಗ್ರಾಹಕರು ಹೋಟೆಲುಗಳಿಂದ ಎಣ್ಣೆ ಕೊಳ್ಳುತ್ತಾರೆ. ದಾಸೋಹದ ಅಡುಗೆಮನೆ, ಕಲ್ಯಾಣಮಂಟಪ, ಬೀದಿಯ ಭಜಿ ಅಂಗಡಿಗಳವರು ಒಂದಾಗಿ ಮುಚ್ಚಳವುಳ್ಳ ಡಬ್ಬಿಗಳಲ್ಲಿ ಎಣ್ಣೆ ಕೂಡಿಡಬಹುದು. ಡಬ್ಬಿಯ ಮೇಲೆ ‘ತಿನ್ನಲು ಅಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿರಲಿ. ಕಡಿಮೆ ಬೆಲೆಗೆ ಕೊಂಡೊಯ್ಯುವ ಅಪರಿಚಿತರಿಗೆ ಕೊಟ್ಟರೆ ಅದೇ ಎಣ್ಣೆ ಸೋಸಲ್ಪಟ್ಟು ಬೇರೊಬ್ಬರ ತಾಟಿಗೆ ಬರಬಹುದು. ಆದ್ದರಿಂದ ನೋಂದಣಿ ಪತ್ರ ಕೇಳಿಯೇ ಕೊಡಬೇಕು.

ಮನೆಯವರಿಗೆ ಸರಳ ಮಾರ್ಗಗಳಿವೆ. ಚಿಕ್ಕ ಬಾಣಲೆಯಲ್ಲಿ ಬೇಕಾದಷ್ಟೇ ಎಣ್ಣೆ ಹಾಕುವುದು ಮೊದಲನೆಯದು. ಉಳಿದುದನ್ನು ಹಿರಿಯರು ಮಾಡುತ್ತಿದ್ದಂತೆ ಬಂಡಿಯ ಕೀಲಿಗೆ, ಕುಡಗೋಲು ಗುದ್ದಲಿಗಳಿಗೆ ತುಕ್ಕು ಹಿಡಿಯದಂತೆ ಸವರಬಹುದು. ಅದೂ ಬೇಡವಾದರೆ ಕಟ್ಟಿಗೆಯ ಹೊಟ್ಟಿಗೆ ಹೀರಿಸಿ ಕಸದೊಡನೆ ಕೊಡಬೇಕು. ಗಟಾರಕ್ಕೆ ಸುರಿದರೆ ನಳಿಗೆಯಲ್ಲಿ ಹೆಪ್ಪುಗಟ್ಟುತ್ತದೆ, ಉಳಿದದ್ದು ಹಳ್ಳ ಹಿಡಿದು ಕೃಷ್ಣೆಯನ್ನೇ ಸೇರುತ್ತದೆ.